ಡಿಸ್ಚಾರ್ಜ್ ಆದ ಮೇಲಿನ ದಿನಗಳು ಯಾರವು?

ಮಂಡಿಯ ಕೀಲು ಬದಲಾಯಿಸುವ ಆಪರೇಷನ್ ಮಾಡಿಸಿಕೊಂಡವರ ಮನೆಗೆ ಹೋದಾಗ ನಾನು ಮೊದಲು ಕೇಳುವುದು ಡಿಸ್ಚಾರ್ಜ್ ಸಮ್ಮರಿ. ಕಾಲು ನೋಡುವುದು ಆಮೇಲೆ. ದಾವಣಗೆರೆಯಲ್ಲಿ ಮನೆಮನೆಗೆ ಹೋಗಿ ಫಿಸಿಯೋಥೆರಪಿ ಮಾಡಿಸುವುದು ನನ್ನ ಕೆಲಸ. ಆಪರೇಷನ್ ಬೆಂಗಳೂರಲ್ಲೋ ಹುಬ್ಬಳ್ಳಿಯಲ್ಲೋ ಇಲ್ಲೇ ಊರಲ್ಲೋ ಆಗಿರುತ್ತದೆ. ನಾಲ್ಕನೇ ದಿನಕ್ಕೆ ಮನೆಗೆ ಕಳಿಸಿರುತ್ತಾರೆ. ಪ್ಲಾಸ್ಟಿಕ್ ಫೈಲಿನಲ್ಲಿ ಎಕ್ಸ್‌ರೇ, ಬಿಲ್ಲು, ಒಳಗೆ ಹಾಕಿದ ಕೃತಕ ಕೀಲಿನ (ಇಂಪ್ಲಾಂಟಿನ) ಸ್ಟಿಕ್ಕರ್ ಎಲ್ಲ ಇರುತ್ತವೆ. ನಾನು ಹುಡುಕುವುದು ಒಂದು ಸಾಲು. ರಕ್ತ ಹೆಪ್ಪುಗಟ್ಟದಂತೆ ಏನು ಬರೆದುಕೊಟ್ಟಿದ್ದಾರೆ, ಎಷ್ಟು ದಿನಕ್ಕೆ?

ಕೆಲವು ಸಮ್ಮರಿಗಳಲ್ಲಿ ಆ ಸಾಲು ಸ್ಪಷ್ಟವಾಗಿ ಇರುತ್ತದೆ. ಕೆಲವದರಲ್ಲಿ ಮಾತ್ರೆಯ ಹೆಸರಿದ್ದು ಎಷ್ಟು ದಿನ ಅಂತ ಇರುವುದಿಲ್ಲ. ಇನ್ನು ಕೆಲವದರಲ್ಲಿ ನೋವಿನ ಮಾತ್ರೆ, ಗ್ಯಾಸಿನ ಮಾತ್ರೆ, ಕ್ಯಾಲ್ಸಿಯಂ, ಹತ್ತನೇ ದಿನ ಹೊಲಿಗೆ ಬಿಚ್ಚಿಸಲು ಬನ್ನಿ ಅನ್ನುವುದು, ಎಲ್ಲ ಇದ್ದು ಇದೊಂದೇ ಇರುವುದಿಲ್ಲ. ಮನೆಯವರನ್ನು ಕೇಳಿದರೆ "ಆಸ್ಪತ್ರೆಯಲ್ಲಿ ಹೊಟ್ಟೆಗೆ ಇಂಜೆಕ್ಷನ್ ಕೊಡ್ತಿದ್ರು ಮೇಡಂ, ಮನೆಗೆ ಅಂತ ಏನೂ ಹೇಳಿಲ್ಲ" ಅನ್ನುತ್ತಾರೆ.

ಹೆಪ್ಪು ಯಾಕೆ ಕಟ್ಟುತ್ತದೆ ಅನ್ನುವುದು ಹೊಸ ವಿಷಯವೇನಲ್ಲ. ಶ್ವಾಸಕೋಶದಲ್ಲಿ ಸಿಕ್ಕಿಹಾಕಿಕೊಳ್ಳುವ ಹೆಪ್ಪು ಬೇರೆ ಎಲ್ಲೋ, ಸಾಮಾನ್ಯವಾಗಿ ಕಾಲಿನ ರಕ್ತನಾಳದಲ್ಲಿ ಹುಟ್ಟಿ, ಕಳಚಿಕೊಂಡು ಮೇಲೆ ಬಂದದ್ದು ಅಂತ ಜರ್ಮನಿಯ ರುಡಾಲ್ಫ್ ವಿರ್ಕೋ ಹತ್ತೊಂಬತ್ತನೇ ಶತಮಾನದ ನಡುವಿನಲ್ಲೇ ತೋರಿಸಿದ್ದರು. ರಕ್ತದ ಓಟ ನಿಧಾನವಾದರೆ ಅಪಾಯ. ನಾಳಕ್ಕೆ ಪೆಟ್ಟಾದರೂ ಅಪಾಯ, ರಕ್ತಕ್ಕೆ ಹೆಪ್ಪುಗಟ್ಟುವ ಗುಣ ಜಾಸ್ತಿಯಾದರೂ ಅಪಾಯ. ಮಂಡಿ ಆಪರೇಷನ್ನಿನಲ್ಲಿ ಇವೆಲ್ಲ ಒಟ್ಟಿಗೇ ಬರುತ್ತವೆ. ಬಹಳ ಕಡೆ ತೊಡೆಗೆ ಪಟ್ಟಿ ಬಿಗಿದು ರಕ್ತ ತಡೆಯುತ್ತಾರೆ, ಮೂಳೆ ಕೊಯ್ಯುತ್ತಾರೆ, ಗಾಯ ಆಯಿತಲ್ಲ ಅಂತ ದೇಹ ತಾನೇ ರಕ್ತವನ್ನು ಗಟ್ಟಿ ಮಾಡಲು ಹೊರಡುತ್ತದೆ. ಅದಾದ ಮೇಲೆ ದಿನವಿಡೀ ಮಂಚದ ಮೇಲೆ.

ಸೊಂಟದ ಕೀಲು ಬದಲಾಯಿಸುವ ಆಪರೇಷನ್ನನ್ನು ಈಗಿನ ರೂಪಕ್ಕೆ ತಂದ ಇಂಗ್ಲೆಂಡಿನ ಜಾನ್ ಚಾರ್ನ್ಲಿ ಮತ್ತು ಸಂಗಡಿಗರು 1977ರಲ್ಲಿ ಸುಮಾರು 8 ಸಾವಿರ ಆಪರೇಷನ್ನುಗಳ ಲೆಕ್ಕ ಪ್ರಕಟಿಸಿದರು. ಶ್ವಾಸಕೋಶಕ್ಕೆ ಹೆಪ್ಪು ಹೋಗಿ ಸತ್ತವರು ನೂರಕ್ಕೆ ಒಬ್ಬರಂತೆ ಇದ್ದರು. ನಡೆಯಲಿ ಅಂತ ಮಾಡಿಸಿಕೊಂಡ ಆಪರೇಷನ್ನಿನಲ್ಲಿ ನೂರಕ್ಕೊಂದು ಜೀವ. ಈಗ ಆ ಸಂಖ್ಯೆ ಎಷ್ಟೋ ಇಳಿದಿದೆ. ಹೆಪ್ಪು ತಡೆಯಲು ಹೊಟ್ಟೆಗೆ ಚುಚ್ಚುವ ಹೆಪಾರಿನ್ ಜಾತಿಯ ಇಂಜೆಕ್ಷನ್ ಬಂತು, ಮಾತ್ರೆಗಳು ಬಂದವು. ಆಪರೇಷನ್ ಆದ ದಿನವೇ ಎಬ್ಬಿಸಿ ನಿಲ್ಲಿಸುವ ರೂಢಿಯೂ ಬಂತು.

ನಮ್ಮಲ್ಲಿ ಕೆಲವು ಹಿರಿಯ ಡಾಕ್ಟರುಗಳು "ಇದು ಬಿಳಿಯರ ಕಾಯಿಲೆ, ನಮ್ಮವರಿಗೆ ಅಷ್ಟಾಗಿ ಬರಲ್ಲ" ಅನ್ನುತ್ತಿದ್ದರು. ಈಗಲೂ ಒಮ್ಮೊಮ್ಮೆ ಕಿವಿಗೆ ಬೀಳುತ್ತದೆ. 2005ರಲ್ಲಿ ಏಷ್ಯಾದ ಹಲವು ದೇಶಗಳ ಆಸ್ಪತ್ರೆಗಳಲ್ಲಿ, ಔಷಧಿ ಕೊಡದೆ ದೊಡ್ಡ ಮೂಳೆ ಆಪರೇಷನ್ ಮಾಡಿದವರ ಕಾಲಿನ ನಾಳಗಳನ್ನು ಪರೀಕ್ಷಿಸಿದಾಗ, ನೂರಕ್ಕೆ ಸುಮಾರು 40 ಜನರಲ್ಲಿ ಹೆಪ್ಪು ಸಿಕ್ಕಿತು. ಹೆಚ್ಚಿನವು ತೊಂದರೆ ಕೊಡದೆ ತಾವೇ ಕರಗಿಹೋಗುವಂಥವು, ನಿಜ. ಯಾವುದು ಕರಗುತ್ತದೆ, ಯಾವುದು ಮೇಲೆ ಹೋಗುತ್ತದೆ ಅಂತ ಮುಂಚೆ ಹೇಳಲು ಬರುವುದಿಲ್ಲ, ಅದೇ ಕಷ್ಟ.

ನನ್ನ ಕೆಲಸಕ್ಕೆ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದು ಲೆಕ್ಕ. ಕ್ಯಾಲಿಫೋರ್ನಿಯಾದಲ್ಲಿ ಸಾವಿರಾರು ರೋಗಿಗಳ ದಾಖಲೆ ನೋಡಿ 1998ರಲ್ಲಿ ಬರೆದದ್ದು. ಹೆಪ್ಪಿನ ತೊಂದರೆ ಪತ್ತೆಯಾಗುವ ನಡುವಿನ ದಿನ, ಅಂದರೆ ಅರ್ಧ ಜನಕ್ಕೆ ಅದಕ್ಕೆ ಮೊದಲು, ಅರ್ಧ ಜನಕ್ಕೆ ಆಮೇಲೆ, ಮಂಡಿ ಆಪರೇಷನ್ನಿನಲ್ಲಿ 7ನೆಯದು, ಸೊಂಟದಲ್ಲಿ 17ನೆಯದು. ಸೊಂಟದ ರೋಗಿಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ಮನೆಗೆ ಹೋದ ಮೇಲೆ ಪತ್ತೆಯಾದವು. ಆಗಿನ್ನೂ ಆಸ್ಪತ್ರೆಯಲ್ಲಿ ಈಗಿನದಕ್ಕಿಂತ ಜಾಸ್ತಿ ದಿನ ಇಟ್ಟುಕೊಳ್ಳುತ್ತಿದ್ದರು. ಈಗ ಮೂರು ನಾಲ್ಕು ದಿನಕ್ಕೆ ಕಳಿಸುತ್ತೇವೆ. ಅಂದರೆ ಅಪಾಯದ ದಿನಗಳಲ್ಲಿ ಬಹುಪಾಲು ಮನೆಯಲ್ಲೇ ಕಳೆಯುತ್ತವೆ. ಅಮೆರಿಕದ ಎದೆರೋಗ ತಜ್ಞರ ಸಂಘ 2012ರಲ್ಲಿ ಹೇಳಿದ್ದು ಇದನ್ನೇ. ಕಡಿಮೆ ಅಂದರೂ 10ರಿಂದ 14 ದಿನ ಔಷಧಿ ಕೊಡಿ, ಸಾಧ್ಯವಾದರೆ 35 ದಿನದವರೆಗೂ ಮುಂದುವರಿಸಿ. ನಾಲ್ಕನೇ ದಿನಕ್ಕೆ ಮನೆಗೆ ಹೋದವರಿಗೆ ಉಳಿದ ದಿನಗಳ ಔಷಧಿ ಯಾರು ಕೊಡಬೇಕು, ಯಾರು ನೋಡಬೇಕು? ಆಸ್ಪತ್ರೆ ತನ್ನ ಕೆಲಸ ಮುಗಿಯಿತು ಅಂದುಕೊಂಡಿರುತ್ತದೆ. ಊರಿನ ಡಾಕ್ಟರಿಗೆ ಇದು ಅವರ ಕೇಸಲ್ಲ. ಮನೆಯವರಿಗೆ ಗೊತ್ತೇ ಇರುವುದಿಲ್ಲ. ನಾನು ನೋಡಿದ ಅನಾಹುತಗಳಲ್ಲಿ ಹೆಚ್ಚಿನವು ಆಪರೇಷನ್ ಥಿಯೇಟರಿನಲ್ಲಿ ಆದವಲ್ಲ. ಈ ಯಾರದೂ ಅಲ್ಲದ ದಿನಗಳಲ್ಲಿ ಆದವು.

ಮನೆಯಲ್ಲಿ ಏನು ನಡೆಯುತ್ತದೆ ಅಂತ ಹೇಳುತ್ತೇನೆ, ಕೇಳಿ. ಬೆಂಗಳೂರಿನಿಂದ ಇಲ್ಲಿಗೆ ಕಾರಿನಲ್ಲಿ ನಾಲ್ಕೈದು ಗಂಟೆ. ಕಾಲು ಮಡಿಸಿಕೊಂಡೇ ಕೂತು ಬರುತ್ತಾರೆ. ದಾರಿಯಲ್ಲಿ ಇಳಿದು ಟಾಯ್ಲೆಟ್ಟಿಗೆ ಹೋಗುವುದು ಕಷ್ಟ ಅಂತ ಬೆಳಗಿಂದ ನೀರು ಕುಡಿದಿರುವುದಿಲ್ಲ. ಮನೆಗೆ ಬಂದ ಮೇಲೂ ಅಷ್ಟೇ. ಬಾತ್‌ರೂಮಿಗೆ ಹೋಗಲು ಸೊಸೆಯನ್ನೋ ಮಗನನ್ನೋ ಕರೆಯಬೇಕು, ಸಂಕೋಚ. ಅದಕ್ಕೆ ನೀರನ್ನೇ ಕಡಿಮೆ ಮಾಡಿಬಿಡುತ್ತಾರೆ. ವಯಸ್ಸಾದ ಹೆಣ್ಣುಮಕ್ಕಳಲ್ಲಿ ಇದು ಬಹಳ. ನೀರು ಕಡಿಮೆಯಾದರೆ ಹೆಪ್ಪಿನ ಅಪಾಯ ಜಾಸ್ತಿ ಅಂತ ಅವರಿಗೆ ಯಾರೂ ಹೇಳಿರುವುದಿಲ್ಲ.

ಆಮೇಲೆ ಎಣ್ಣೆ. ಕಾಲು ಬಾತರೆ ನಮ್ಮ ಕಡೆ ಮೊದಲ ಉಪಾಯ ಹರಳೆಣ್ಣೆ ಬಿಸಿ ಮಾಡಿ ತಿಕ್ಕುವುದು. ಒಳಗೆ ಹೆಪ್ಪು ಇದ್ದಾಗ ಮೀನಖಂಡ ತಿಕ್ಕಿದರೆ ಅದು ಕಳಚಿಕೊಂಡು ಹೋಗಬಹುದು. ನಾನು ಮೊದಲ ದಿನವೇ ಎಲ್ಲರೆದುರು ಹೇಳುತ್ತೇನೆ, ಎಣ್ಣೆ ಬೇಡ, ಯಾರೇ ಹೇಳಿದರೂ ತಿಕ್ಕಬೇಡಿ. ಮುಂದಿನ ಸಲ ಹೋದಾಗ ಮಂಚದ ಕೆಳಗೆ ಎಣ್ಣೆ ಬಟ್ಟಲು ಕಾಣುತ್ತದೆ. ಅತ್ತಿಗೆ ಬಂದಿದ್ದರಂತೆ.

ನನ್ನ ಚೀಲದಲ್ಲಿ ಒಂದು ದರ್ಜಿ ಟೇಪು ಇರುತ್ತದೆ. ಮಂಡಿಯ ಕೆಳಗೆ ಮುಂಗಾಲಿನ ಮೂಳೆ ಉಬ್ಬಿಕೊಂಡಿರುವ ಕಡೆಯಿಂದ 10 ಸೆಂಟಿಮೀಟರ್ ಕೆಳಗೆ ಪೆನ್ನಿನಲ್ಲಿ ಗೆರೆ ಎಳೆದು, ಎರಡೂ ಕಾಲಿನ ಸುತ್ತಳತೆ ಬರೆದುಕೊಳ್ಳುತ್ತೇನೆ. ಸಾಮಾನ್ಯವಾಗಿ 3 ಸೆಂಟಿಮೀಟರಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಅನುಮಾನ ಪಡಬೇಕು ಅಂತ ಲೆಕ್ಕ. ಆಪರೇಷನ್ ಆದ ಕಾಲು ಹೇಗಿದ್ದರೂ ಸ್ವಲ್ಪ ಬಾತೇ ಇರುತ್ತದೆ, ಆದ್ದರಿಂದ ಒಂದು ದಿನದ ಅಳತೆಯಿಂದ ಏನೂ ತಿಳಿಯುವುದಿಲ್ಲ. ದಿನದಿಂದ ದಿನಕ್ಕೆ ಇಳಿಯುತ್ತಿದೆಯೋ ಏರುತ್ತಿದೆಯೋ ನೋಡಬೇಕು. ಏರಿದರೆ ಅದೇ ದಿನ ಡಾಪ್ಲರ್ ಸ್ಕ್ಯಾನ್, ನಾಳದಲ್ಲಿ ರಕ್ತದ ಓಟ ನೋಡುವಂಥದ್ದು. ಹೆಪ್ಪಿನ ಸುಳಿವು ಕೊಡುವ ರಕ್ತದ ಡಿ-ಡೈಮರ್ ಪರೀಕ್ಷೆ ಈ ಸಮಯದಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಆಪರೇಷನ್ ಆದ ಎಲ್ಲರಲ್ಲೂ ಅದು ಏರಿಯೇ ಇರುತ್ತದೆ.

ಒಬ್ಬ ಅಮ್ಮನ ವಿಷಯ ಬರೆಯುತ್ತೇನೆ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಾಯಿಸಿದ್ದೇನೆ. ವಯಸ್ಸು ಅರವತ್ತು ದಾಟಿದೆ, ಮೈ ಸ್ವಲ್ಪ ಭಾರ. ಬೇರೆ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಬಲ ಮಂಡಿ ಆಪರೇಷನ್ ಆಗಿ ನಾಲ್ಕನೇ ದಿನ ಮನೆಗೆ ಬಂದಿದ್ದರು. ಸಮ್ಮರಿಯಲ್ಲಿ ಆ ಸಾಲು ಇರಲಿಲ್ಲ. ನಾನು ಹೇಳಿದ ಮೇಲೆ ಮಗ ಆಸ್ಪತ್ರೆಗೆ ಫೋನ್ ಮಾಡಿದರು. "ಡಾಕ್ಟರ್ ಬರೆದಿದ್ದಷ್ಟೇ ಕೊಡಿ" ಅಂತ ಉತ್ತರ ಬಂತು. ಹತ್ತನೇ ದಿನ ಟೇಪು ಹಿಡಿದಾಗ ಮೀನಖಂಡ ಹಿಂದಿನ ಸಲಕ್ಕಿಂತ ದಪ್ಪವಾಗಿತ್ತು. ಚರ್ಮ ಮಿರಮಿರ ಮಿಂಚುತ್ತಿತ್ತು, ಮುಟ್ಟಿದರೆ ಬಿಸಿ. ಇವತ್ತೇ ಡಾಪ್ಲರ್ ಮಾಡಿಸಿ ಅಂದೆ. ಮಗ ಮತ್ತೆ ಆಸ್ಪತ್ರೆಗೆ ಫೋನ್ ಹಚ್ಚಿದರು, ಸ್ಪೀಕರಿನಲ್ಲಿ ಹಾಕಿದರು. ಅತ್ತ ಕಡೆಯಿಂದ ಒಂದು ಹುಡುಗಿಯ ದನಿ. "ಆಪರೇಷನ್ ಆದ ಮೇಲೆ ಬಾವು ಇದ್ದೇ ಇರುತ್ತೆ ಸರ್. ಕಾಲು ಎತ್ತರಿಸಿಡಿ, ಐಸ್ ಇಡಿ. ಫಾಲೋಅಪ್‌ಗೆ ಬಂದಾಗ ಡಾಕ್ಟರ್ ನೋಡ್ತಾರೆ." ಮನೆಯವರಿಗೆ ಸಮಾಧಾನವಾಯಿತು. ಲಕ್ಷಗಟ್ಟಲೆ ಕೊಟ್ಟ ಆಸ್ಪತ್ರೆಯ ಮಾತು ದೊಡ್ಡದೋ, ಮನೆಗೆ ಬರುವ ಫಿಸಿಯೋದವಳ ಮಾತು ದೊಡ್ಡದೋ? ಅವರ ಜಾಗದಲ್ಲಿ ಯಾರಿದ್ದರೂ ಹಾಗೇ ಮಾಡುತ್ತಿದ್ದರು.

ಎರಡು ದಿನದ ನಂತರ ಬೆಳಗ್ಗೆ ಬಾತ್‌ರೂಮಿನ ಬಾಗಿಲಲ್ಲಿ ಏದುಸಿರು ಬಂದು ಕುಸಿದರು. ಇಲ್ಲಿನ ಆಸ್ಪತ್ರೆಯಲ್ಲಿ ಸಿ.ಟಿ. ಮಾಡಿದಾಗ ಎರಡೂ ಶ್ವಾಸಕೋಶದಲ್ಲಿ ಹೆಪ್ಪು. ಐಸಿಯು. ಬದುಕಿದರು. ಮೂರು ತಿಂಗಳು ರಕ್ತ ತೆಳುವಾಗಿಸುವ ಮಾತ್ರೆ ತಿಂದರು.

ಮಗ ಸುಮ್ಮನಿರಲಿಲ್ಲ. ಕೇಸ್ ಶೀಟಿನ ನಕಲು ಕೇಳಿ ಪತ್ರ ಬರೆದರು. ರೋಗಿ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತ ವೈದ್ಯರ ನಡವಳಿಕೆಯ 2002ರ ನಿಯಮದಲ್ಲೇ ಇದೆ. ಮೂರು ವರ್ಷ ದಾಖಲೆ ಇಟ್ಟುಕೊಂಡಿರಬೇಕು ಅಂತಲೂ ಇದೆ. ಬಹಳ ಜನಕ್ಕೆ ಇದು ಗೊತ್ತಿಲ್ಲ. ಗೊತ್ತಿದ್ದವರೂ ಜಗಳವಾದ ಮೇಲೆ ಕೇಳುತ್ತಾರೆ. ಅಷ್ಟೊತ್ತಿಗೆ ಕೌಂಟರಿನವರ ಮುಖ ಗಂಟು ಹಾಕಿಕೊಂಡಿರುತ್ತದೆ.

ಆ ಕಟ್ಟು ಬಂದಾಗ ಮಗ ನನಗೂ ತೋರಿಸಿದರು. ಇಂಜೆಕ್ಷನ್ ಚಾರ್ಟಿನಲ್ಲಿ ಮೂರು ದಿನ ನರ್ಸಿನ ಸಹಿ ಇತ್ತು. ಸಕ್ಕರೆ, ಬಿಪಿ, ತೂಕ ಎಲ್ಲ ತುಂಬಿದ್ದರು. ಹಿಂದೆ ಯಾವತ್ತಾದರೂ ಕಾಲಲ್ಲಿ ರಕ್ತ ಹೆಪ್ಪುಗಟ್ಟಿತ್ತೇ ಅನ್ನುವ ಕಡೆ "ಇಲ್ಲ" ಅಂತ ಗುರುತು. ಅಮ್ಮ ಕೂತಲ್ಲಿಂದಲೇ ಹೇಳಿದರು. "ನನ್ನ ಯಾರೂ ಕೇಳಿಲ್ಲವಾ. ಎರಡನೇ ಬಾಣಂತನದಾಗ ನಂಜಾಗಿ ಇದೇ ಕಾಲು ಬಾತಿತ್ತು. ಮೂರು ತಿಂಗಳು ನೆಲಕ್ಕ ಊರಕಾಗ್ತಿರಲಿಲ್ಲ." ಹೆರಿಗೆಯ ನಂತರ ಒಂದೇ ಕಾಲು ತಿಂಗಳುಗಟ್ಟಲೆ ಬಾತರೆ ಅದು ಹೆಪ್ಪೇ ಇರುವ ಸಾಧ್ಯತೆ ದೊಡ್ಡದು. ಒಮ್ಮೆ ಆದವರಿಗೆ ಮತ್ತೆ ಆಗುವ ಅಪಾಯ ಉಳಿದವರಿಗಿಂತ ಎಷ್ಟೋ ಜಾಸ್ತಿ. ಒಂದು ಪ್ರಶ್ನೆ ಕೇಳಿದ್ದರೆ ತಿಳಿಯುತ್ತಿತ್ತು. ಕೇಳದೆಯೇ ಗುರುತು ಹಾಕಿದ್ದರು.

ಇದು ನಿರ್ಲಕ್ಷ್ಯವೇ? ನನ್ನ ಮಟ್ಟಿಗೆ ಹೌದು. ಕಾನೂನಿನ ಮಟ್ಟಿಗೆ ಅಷ್ಟು ಸಲೀಸಲ್ಲ. ಹಾಗಿರುವುದಕ್ಕೆ ಕಾರಣವೂ ಇದೆ.

ಮೊದಲನೆಯದಾಗಿ, ಹೆಪ್ಪುಗಟ್ಟಿತು ಅಂದ ಮಾತ್ರಕ್ಕೆ ತಪ್ಪು ನಡೆದಿದೆ ಅಂತಲ್ಲ. ಎಲ್ಲ ಸರಿಯಾಗಿ ಕೊಟ್ಟರೂ ಕೆಲವರಿಗೆ ಆಗುತ್ತದೆ. ಔಷಧಿ ಜಾಸ್ತಿ ಆದರೆ ಇನ್ನೊಂದು ಕಷ್ಟ. ಗಾಯದೊಳಗೆ ರಕ್ತ ತುಂಬಿಕೊಂಡು ಸೋಂಕಾದರೆ ಹಾಕಿದ ಇಂಪ್ಲಾಂಟನ್ನೇ ತೆಗೆಯಬೇಕಾಗಬಹುದು. ಸರ್ಜನ್ನುಗಳಿಗೆ ಈ ಭಯ ಸುಳ್ಳಲ್ಲ. ಬೆನ್ನಿಗೆ ಅರಿವಳಿಕೆ ಕೊಟ್ಟವರಲ್ಲಿ ಈ ಇಂಜೆಕ್ಷನ್ನಿನ ಹೊತ್ತು ತಪ್ಪಿದರೆ ಬೆನ್ನುಹುರಿಯ ಹತ್ತಿರ ರಕ್ತ ತುಂಬಿ ಕಾಲು ಸ್ವಾಧೀನ ಕಳೆದುಕೊಳ್ಳಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಇಲಾಖೆ 1997ರಲ್ಲೇ ಎಚ್ಚರಿಕೆ ಕೊಟ್ಟಿತ್ತು. ಕಿಡ್ನಿ ಸರಿಯಿಲ್ಲದವರಿಗೆ ಡೋಸ್ ಇಳಿಸಬೇಕು. ಕೊಡದಿರುವುದು ಹೇಗೆ ನಿರ್ಲಕ್ಷ್ಯವೋ, ನೋಡದೆ ಎಲ್ಲರಿಗೂ ಒಂದೇ ಅಳತೆ ಕೊಡುವುದೂ ನಿರ್ಲಕ್ಷ್ಯವೇ.

ಯಾವುದನ್ನು ಕೊಡಬೇಕು ಅನ್ನುವುದರಲ್ಲೇ ತಜ್ಞರಲ್ಲಿ ಒಮ್ಮತ ಇಲ್ಲ. ನಮ್ಮಲ್ಲಿ ಬಹಳ ಜನ ಇಕೋಸ್ಪ್ರಿನ್, ಅಂದರೆ ಆಸ್ಪಿರಿನ್ ಬರೆಯುತ್ತಾರೆ. ಅಗ್ಗ, ಹೃದಯದ ಮಾತ್ರೆ ಅಂತ ಎಲ್ಲರಿಗೂ ಪರಿಚಯ. ಕೆನಡಾದ ಒಂದು ದೊಡ್ಡ ಪ್ರಯೋಗದಲ್ಲಿ, 2018ರಲ್ಲಿ ಬಂದದ್ದು, ಮೊದಲ ಐದು ದಿನ ರಿವರಾಕ್ಸಬಾನ್ ಅನ್ನುವ ರಕ್ತ ತೆಳುವಾಗಿಸುವ ಮಾತ್ರೆ ಕೊಟ್ಟು ಆಮೇಲೆ ಆಸ್ಪಿರಿನ್ನಿಗೆ ಬದಲಾಯಿಸಿದವರೂ, ಪೂರ್ತಿ ರಿವರಾಕ್ಸಬಾನೇ ತಗೊಂಡವರೂ ಹೆಚ್ಚುಕಮ್ಮಿ ಒಂದೇ ಆಗಿದ್ದರು. ಆದರೆ 2022ರಲ್ಲಿ ಆಸ್ಟ್ರೇಲಿಯಾದಿಂದ ಬಂದ ಪ್ರಯೋಗದಲ್ಲಿ ಬರೀ ಆಸ್ಪಿರಿನ್ ತಗೊಂಡವರಲ್ಲಿ 3.45% ಜನಕ್ಕೆ ತೊಂದರೆ ಕೊಡುವ ಹೆಪ್ಪಾಯಿತು, ಹೆಪಾರಿನ್ ಜಾತಿಯ ಎನಾಕ್ಸಪಾರಿನ್ ಇಂಜೆಕ್ಷನ್ ತಗೊಂಡವರಲ್ಲಿ 1.82%. ಹೆಚ್ಚಿನವು ಮಂಡಿಯ ಕೆಳಗಿನವೇ, ಪ್ರಾಣಕ್ಕೆ ಬಂದವಲ್ಲ. ಹೀಗಿರುವಾಗ ಆಸ್ಪಿರಿನ್ ಬರೆದ ಡಾಕ್ಟರನ್ನು ತಪ್ಪಿತಸ್ಥ ಅನ್ನಲಾಗುವುದಿಲ್ಲ. 1957ರ ಇಂಗ್ಲೆಂಡಿನ ಬೋಲಮ್ ತೀರ್ಪು ಹೇಳಿದ್ದು ಇದನ್ನೇ: ಆ ವಿದ್ಯೆಯ ಜವಾಬ್ದಾರಿಯುತ ಜನರ ಒಂದು ಗುಂಪು ಒಪ್ಪುವ ದಾರಿಯಲ್ಲಿ ನಡೆದಿದ್ದರೆ ಅದು ನಿರ್ಲಕ್ಷ್ಯವಲ್ಲ. ನಮ್ಮ ಸುಪ್ರೀಂ ಕೋರ್ಟ್ 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಲ್ಲಿ ಅದನ್ನು ಒಪ್ಪಿಕೊಂಡಿತು. ಡಾಕ್ಟರ ಮೇಲೆ ಕ್ರಿಮಿನಲ್ ಕೇಸು ಹಾಕಬೇಕಾದರೆ ತಪ್ಪು ತೀರಾ ಘೋರವಾಗಿರಬೇಕು ಅಂತಲೂ ಹೇಳಿತು. ಆದ್ದರಿಂದ ಸಿಟ್ಟಿನಲ್ಲಿ ಪೊಲೀಸ್ ಸ್ಟೇಷನ್ನಿಗೆ ಓಡುವುದರಿಂದ ಏನೂ ಗಿಟ್ಟುವುದಿಲ್ಲ.

ಆದರೆ ಬೋಲಮ್ಮಿನ ರಕ್ಷಣೆ ಸಿಗುವುದು ಯೋಚಿಸಿ ಒಂದು ದಾರಿ ಆರಿಸಿದವರಿಗೆ. ಯೋಚಿಸಿಯೇ ಇಲ್ಲದವರಿಗೆ ಯಾವ ಗುಂಪು ಬೆನ್ನಿಗೆ ನಿಲ್ಲುತ್ತದೆ? ಆಸ್ಪಿರಿನ್ನೋ ಇಂಜೆಕ್ಷನ್ನೋ ಅಂತ ಸರ್ಜನ್ನುಗಳು ಜಗಳವಾಡಬಹುದು. ನಾಲ್ಕನೇ ದಿನಕ್ಕೆ ಎಲ್ಲ ನಿಲ್ಲಿಸಿ, ಏನೂ ಹೇಳದೆ ಕಳಿಸಿಬಿಡಿ ಅಂತ ಹೇಳುವ ಪಂಗಡ ನನಗಂತೂ ಕಂಡಿಲ್ಲ.

ಹಣ ಕೊಟ್ಟು ಪಡೆದ ಚಿಕಿತ್ಸೆಗೆ ಗ್ರಾಹಕರ ಆಯೋಗಕ್ಕೆ ಹೋಗಬಹುದು ಅಂತ ಸುಪ್ರೀಂ ಕೋರ್ಟಿನ 1995ರ ಶಾಂತಾ ತೀರ್ಪಿನಿಂದ ಖಾತ್ರಿಯಾಗಿದೆ. ಎಲ್ಲರಿಗೂ ಪುಕ್ಕಟೆ ನೋಡುವ ಸರ್ಕಾರಿ ಆಸ್ಪತ್ರೆಗಳು ಅದರಿಂದ ಹೊರಗೆ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಬಂದ ಮೇಲೆ ಒಂದು ಒಳ್ಳೆಯದಾಗಿದೆ. ಆಪರೇಷನ್ ಎಲ್ಲೇ ಆಗಿರಲಿ, ದೂರು ಕೊಡುವವರು ತಾವಿರುವ ಊರಿನ ಜಿಲ್ಲಾ ಆಯೋಗದಲ್ಲೇ ಹಾಕಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಫೀಸೂ ಇಲ್ಲ. ಎರಡು ವರ್ಷದೊಳಗೆ ಹಾಕಬೇಕು, ಅಷ್ಟೇ.

ಮಗ ವಕೀಲರನ್ನು ಕಂಡರು. ವಕೀಲರು ಕಟ್ಟನ್ನೆಲ್ಲ ತಿರುವಿಹಾಕಿ ಒಂದು ಮಾತು ಕೇಳಿದರಂತೆ. "ಔಷಧಿ ಕೊಟ್ಟಿದ್ದರೆ ಹೆಪ್ಪಾಗುತ್ತಲೇ ಇರಲಿಲ್ಲ ಅಂತ ಹೇಗೆ ತೋರಿಸ್ತೀರಿ?" ಕೇಸು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಔಷಧಿ ಅಪಾಯವನ್ನು ಇಳಿಸುತ್ತದೆ, ಇಲ್ಲವಾಗಿಸುವುದಿಲ್ಲ. ಇಷ್ಟು ದೂರ ಪ್ರಯಾಣ ಮಾಡಿದ್ದು ರೋಗಿಯ ತಪ್ಪು ಅಂತ ಎದುರಿನವರು ಹೇಳಬಹುದು. ಫೋನಿನಲ್ಲಿ ಮಾತಾಡಿದ ಹುಡುಗಿ ಯಾರು ಅಂತ ಯಾರಿಗೂ ಗೊತ್ತಿಲ್ಲ. ಆ ಮಾತಿಗೆ ದಾಖಲೆಯೂ ಇಲ್ಲ. ಆದರೂ ವಕೀಲರು ಬೇಡ ಅನ್ನಲಿಲ್ಲ. ಔಷಧಿಯ ಮಾತು ಹಾಗಿರಲಿ, ಬಾವು ಜಾಸ್ತಿಯಾಗಿದೆ ಅಂತ ಹೇಳಿದ ಮೇಲೂ ಸ್ಕ್ಯಾನ್ ಮಾಡಿಸಿ ಅನ್ನಲಿಲ್ಲವಲ್ಲ, ಅದನ್ನು ಹಿಡಿದು ವಾದ ಮಾಡಬಹುದು ಅಂದರು. ನನ್ನ ಅಳತೆಯ ಪುಸ್ತಕದ ಫೋಟೋ ತೆಗೆದುಕೊಂಡರು.

ಕೇಸು ಹಾಕಲಿಲ್ಲ. ಬೇಡ ಅಂದದ್ದು ಅಮ್ಮನೇ. "ಇನ್ನೊಂದು ಮಂಡಿ ಬಾಕಿ ಐತಿ. ಕೋರ್ಟು ಕಚೇರಿ ಅಂತ ಹೆಸರಾದರ ನನಗ್ಯಾರ್ ಆಪರೇಷನ್ ಮಾಡ್ತಾರ?"

ನಾನು ಎದುರು ಹೇಳಲಿಲ್ಲ. ಆದರೆ ನ್ಯಾಯಾಲಯದಿಂದ ಇದು ಸರಿಹೋಗುತ್ತದೆ ಅನ್ನುವ ನಂಬಿಕೆ ನನಗೂ ಅಷ್ಟಿಲ್ಲ. ಒಂದೊಂದೇ ಕೇಸು, ವರ್ಷಗಟ್ಟಲೆ. ಬೇರೆ ದೇಶಗಳಲ್ಲಿ ಇದು ಬದಲಾದದ್ದೂ ಹಾಗಲ್ಲ. ಇಂಗ್ಲೆಂಡಿನ ಸಂಸತ್ತಿನ ಆರೋಗ್ಯ ಸಮಿತಿ 2005ರಲ್ಲಿ ಒಂದು ವರದಿ ಕೊಟ್ಟಿತು. ಆಸ್ಪತ್ರೆಗೆ ಸೇರಿದವರಲ್ಲಿ ತಡೆಯಬಹುದಾದ ಹೆಪ್ಪಿನಿಂದ ವರ್ಷಕ್ಕೆ 25,000 ಜನ ಸಾಯುತ್ತಿದ್ದಾರೆ ಅಂತ ಅದರ ಅಂದಾಜು. 2010ರಿಂದ ಅಲ್ಲಿನ ಆಸ್ಪತ್ರೆಗಳಿಗೆ ಒಂದು ಷರತ್ತು ಬಂತು. ಸೇರುವ ದೊಡ್ಡವರಲ್ಲಿ ನೂರಕ್ಕೆ ತೊಂಬತ್ತು ಜನಕ್ಕಾದರೂ ಹೆಪ್ಪಿನ ಅಪಾಯದ ಫಾರ್ಮ್ ತುಂಬಿರಬೇಕು, ಇಲ್ಲದಿದ್ದರೆ ಬರುವ ಹಣದಲ್ಲಿ ಒಂದು ಪಾಲು ಖೋತಾ. ಅಮೆರಿಕದಲ್ಲಿ 2008ರ ಅಕ್ಟೋಬರಿನಿಂದ ಮೆಡಿಕೇರ್, ಅಂದರೆ ವಯಸ್ಸಾದವರ ಸರ್ಕಾರಿ ಆರೋಗ್ಯ ವಿಮೆ, ಇನ್ನೂ ನೇರವಾಗಿ ಹೇಳಿತು: ಮಂಡಿ, ಸೊಂಟದ ಕೀಲು ಬದಲಾಯಿಸಿದ ಮೇಲೆ ಆಸ್ಪತ್ರೆಯಲ್ಲೇ ಹೆಪ್ಪಾದರೆ ಅದರ ಹೆಚ್ಚುವರಿ ಖರ್ಚು ನಾವು ಕೊಡುವುದಿಲ್ಲ. ಹೀಗೆ ಜೇಬಿಗೆ ಕೈ ಹಾಕಿದ ಮೇಲೆ ಫಾರ್ಮುಗಳು ತುಂಬತೊಡಗಿದವು.

ಫಾರ್ಮ್ ತುಂಬಿದ ಮಾತ್ರಕ್ಕೆ ಆಗುವುದಿಲ್ಲ ಅಂತ ಆ "ಇಲ್ಲ" ಗುರುತು ನೋಡಿದವಳಿಗೆ ಗೊತ್ತು. ಮನೆಗೆ ಹೋದ ಮೇಲಿನ ದಿನಗಳನ್ನು ಈ ಲೆಕ್ಕಗಳು ಅಷ್ಟಾಗಿ ಮುಟ್ಟುವುದೂ ಇಲ್ಲ. ಆದರೂ ಯಾರೋ ಒಬ್ಬರು ನೋಡುತ್ತಾರೆ ಅನ್ನುವ ಭಯ ಇದ್ದಾಗ ಪ್ರಶ್ನೆ ಕೇಳುವವರ ದನಿ ಬೇರೆಯೇ ಇರುತ್ತದೆ.

ಅಮ್ಮನ ಎಡ ಮಂಡಿಯ ಆಪರೇಷನ್ ಆಮೇಲೆ ಬೇರೆ ಆಸ್ಪತ್ರೆಯಲ್ಲಿ ಆಯಿತು. ಸೇರಿಸುವ ದಿನ ನಾನೂ ಜೊತೆಗಿದ್ದೆ. ನರ್ಸ್ ಹುಡುಗಿ ಎರಡು ಪುಟದ ಫಾರ್ಮ್ ಹಿಡಿದು ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತಳು. ಕಾಲು ಯಾವತ್ತಾದರೂ ಬಾತಿತ್ತಾ ಅಮ್ಮಾ, ಮನೆಯಲ್ಲಿ ಯಾರಿಗಾದರೂ ಹೀಗಾಗಿತ್ತಾ, ಹೆರಿಗೆ ಸಮಯದಲ್ಲಿ ಏನಾದರೂ ತೊಂದರೆ? ಅಮ್ಮ ಎರಡನೇ ಬಾಣಂತನದಿಂದ ಶುರು ಮಾಡಿದರು. ಹೋದ ಆಪರೇಷನ್ನು, ಐಸಿಯು, ನಾದಿನಿ ಹಚ್ಚಿದ ಎಣ್ಣೆ, ಒಂದನ್ನೂ ಬಿಡಲಿಲ್ಲ. ಹುಡುಗಿ ತಾಳ್ಮೆಯಿಂದ ಬರೆದುಕೊಂಡಳು. ಹೊರಗೆ ಬಂದಾಗ ಕೇಳಿದೆ, ಎಲ್ಲರಿಗೂ ಇಷ್ಟು ಕೇಳ್ತೀರಾ ಸಿಸ್ಟರ್?

"ಕೇಳಲೇಬೇಕು ಮೇಡಂ. ಮುಂದಿನ ತಿಂಗಳು ಆಸ್ಪತ್ರೆ ತಪಾಸಣೆಗೆ ಅಕ್ರೆಡಿಟೇಶನ್‌ನವರು ಬರ್ತಿದಾರೆ. ಒಂದು ಕಾಲಂ ಖಾಲಿ ಇದ್ದರೂ ನಮಗೆ ಬೈಯ್ತಾರೆ."

ಆ ಸಲ ಡಾಕ್ಟರು ಹೊಟ್ಟೆಯ ಇಂಜೆಕ್ಷನ್ನನ್ನು ಮನೆಗೂ ಬರೆದುಕೊಟ್ಟರು, 35 ದಿನಕ್ಕೆ. ಚುಚ್ಚುವುದು ಹೇಗೆ ಅಂತ ಮಗನಿಗೆ ವಾರ್ಡಿನಲ್ಲೇ ಹೇಳಿಕೊಟ್ಟು, ಅವರ ಕೈಯಲ್ಲೇ ಒಂದು ಕೊಡಿಸಿ ಕಳಿಸಿದರು.